ಮಕ್ಕಳ ಕಣ್ಣುರಿ: ಪೋಷಕರಿಗೆ ಪತ್ರ

ಪ್ರೀತಿಯ ಪೋಷಕರಿಗೆ ನಮಸ್ಕಾರ.

ಈ ವಾರ ನಲಿ-ಕಲಿ ತರಗತಿಯ ಆರು ಮಕ್ಕಳು ಕಣ್ಣು ಉಜ್ಜುತ್ತಲೇ ಶಾಲೆಗೆ ಬಂದರು. ಕೇಳಿದರೆ ಒಬ್ಬೊಬ್ಬರದು ಒಂದೊಂದು ಕತೆ. ಒಬ್ಬಳ ಮನೆಯಲ್ಲಿ ಕಟ್ಟಿಗೆ ಮಳೆಗೆ ನೆನೆದು ಬಚ್ಚಲ ತುಂಬ ಹೊಗೆ. ಇನ್ನೊಬ್ಬ ಹೊರಗೆ ಆಡಲಾಗದೆ ರಾತ್ರಿವರೆಗೂ ಮೊಬೈಲ್ ಹಿಡಿದವನು. ಮೊಬೈಲ್ ನೋಡುವಾಗ ರೆಪ್ಪೆ ಬಡಿಯುವುದೇ ಕಡಿಮೆಯಾಗುತ್ತದೆ. ಆಗ ಕಣ್ಣೀರು ಆರಿ ಕಣ್ಣು ಉರಿಯುತ್ತದೆ. 20 ನಿಮಿಷಕ್ಕೊಮ್ಮೆ ಅಂಗಳದ ತೆಂಗಿನ ಮರವನ್ನಾದರೂ 20 ಸೆಕೆಂಡ್ ನೋಡಲಿ.

ಹೊಗೆ, ಧೂಳು, ಸಮುದ್ರದ ನೀರಿನಿಂದ ಉರಿ ಬಂದರೆ ಉಜ್ಜಲು ಬಿಡಬೇಡಿ. ಶುದ್ಧ ತಣ್ಣೀರಲ್ಲಿ ತೊಳೆದು, ಒದ್ದೆ ಬಟ್ಟೆ ಮುಚ್ಚಿ ಹತ್ತು ನಿಮಿಷ ಮಲಗಿಸಿ. ಅಷ್ಟು ಸಾಕು. ಹರಳೆಣ್ಣೆ, ಜೇನು, ಎದೆಹಾಲು ಬೇಡ. ನನ್ನ ಅಮ್ಮ ನನಗೂ ಹಾಕಿದವರೇ, ಆದರೂ ಬೇಡ ಎನ್ನುತ್ತೇನೆ. ಹೋದ ವರ್ಷದ ಡ್ರಾಪ್ಸ್ ಅಂತೂ ಬೇಡವೇ ಬೇಡ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ, ಡಾಕ್ಟರ್ ಹೇಳದೆ ದಿನಗಟ್ಟಲೆ ಹಾಕಿದಾಗ ಕಣ್ಣಿನ ಒತ್ತಡ ಏರಬಹುದು, ಪೊರೆಯೂ ಬರಬಹುದು.

ಮದ್ರಾಸ್ ಐ ಬಂದವರ ಕಣ್ಣು ನೋಡಿದರೆ ಅಂಟುತ್ತದೆ ಅನ್ನುವುದು ಸುಮ್ನೆ ಮಾತು. ಅಂಟುವುದು ಕೈಯಿಂದ, ಟವೆಲ್‌ನಿಂದ, ದಿಂಬಿನಿಂದ. ಕಣ್ಣಿಗೆ ಪಿಸುರು ಕಟ್ಟುವುದು ನಿಲ್ಲುವವರೆಗೆ ಮಗು ಮನೆಯಲ್ಲೇ ಇರಲಿ. ಹಾಜರಾತಿಯ ಚಿಂತೆ ಮಾಡಬೇಡಿ.

ನನಗೆ ಜಾಸ್ತಿ ಭಯ ಇರುವುದು ಕವಳದ, ಅಂದರೆ ಎಲೆ-ಅಡಿಕೆಯ, ಸುಣ್ಣದ್ದು. ಅಜ್ಜಿಯ ಕವಳದ ಸಂಚಿ ಎಲ್ಲರ ಮನೆಯಲ್ಲೂ ಮಕ್ಕಳ ಕೈಗೆ ಸಿಗುವಂತೆಯೇ ಇರುತ್ತದೆ ಅಲ್ವಾ? ಸುಣ್ಣದ ಪ್ಯಾಕೆಟ್ ಒತ್ತಿ ಆಡುವಾಗ ಒಡೆದು ನೇರ ಕಣ್ಣಿಗೆ ಚಿಮ್ಮುತ್ತದೆ. ಸುಣ್ಣ ಕಣ್ಣನ್ನು ಸುಡುತ್ತಾ ಒಳಕ್ಕೆ ಇಳಿಯುತ್ತದೆ, ದೃಷ್ಟಿಯೇ ಹೋಗಬಹುದು. ಹಾಗಾದರೆ ಮೊದಲು ರಿಕ್ಷಾ ಹುಡುಕಬೇಡಿ. ನಳ, ಕೊಡಪಾನ, ಯಾವುದು ಹತ್ತಿರವೋ ಅದರ ನೀರು ಸಾಕು. ರೆಪ್ಪೆ ಬಿಡಿಸಿ ಹಿಡಿದು ಅರ್ಧ ಗಂಟೆ ಬಿಡದೆ ನೀರು ಹೊಯ್ಯಿರಿ. ಮಗು ಅತ್ತರೂ ನಿಲ್ಲಿಸಬೇಡಿ. ಆಮೇಲೆ ಕಾರವಾರದ ಸರ್ಕಾರಿ ಕ್ರಿಮ್ಸ್ ಆಸ್ಪತ್ರೆಗೆ ಓಡಿ.

ಉಳಿದಂತೆ, ಕಣ್ಣು ನೋವು, ಮಂಜು, ಬೆಳಕು ನೋಡಲಾಗದಿರುವುದು, ಒಂದೇ ಕಣ್ಣು ಕೆಂಪಾಗುವುದು, ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಡಾಕ್ಟರಿಗೆ ತೋರಿಸಿ. ಬರೀ ಉರಿಯಾದರೆ ಎರಡು ದಿನ ನೋಡಬಹುದು.

ನಾಳೆಯಿಂದ ಪ್ರತಿ ಮಗುವಿನ ಚೀಲದಲ್ಲಿ ಅದರದೇ ಒಂದು ಕರವಸ್ತ್ರ ಇರಲಿ. ಸುಣ್ಣದ ಡಬ್ಬಿಯನ್ನು ಇವತ್ತೇ ಅಟ್ಟಕ್ಕೆ ಏರಿಸಿ. ಅಜ್ಜಿ ಬೈದರೆ ನನ್ನ ಹೆಸರು ಹೇಳಿ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾರವಾರ ತಾಲೂಕು