ಕಾರ್ಡ್ ಹೋದರೆ ಹೋಗಲಿ

ಚಿ. ಪುಟ್ಟಿಗೆ ಮಾವನ ಆಶೀರ್ವಾದಗಳು.

ಜಾಝ್ ಹಾಡಿನ ಕಾರ್ಡುಗಳ, ಅಂದರೆ ಒಟ್ಟಿಗೆ ನುಡಿಯುವ ಸ್ವರಗುಂಪುಗಳ, ಮೇಲೆ ಮನಸ್ಸಿಗೆ ಬಂದಂತೆ ಸ್ವರ ಹೆಣೆದು ನುಡಿಸುವಾಗ ‘ಈ ಕಾರ್ಡಿಗೆ ಯಾವ ಸ್ಕೇಲ್ (ಸ್ವರಶ್ರೇಣಿ) ಅಂತ ಯೋಚಿಸೋಷ್ಟರಲ್ಲಿ ಮುಂದಿನದು ಬಂದುಬಿಡುತ್ತೆ, ಎಲ್ಲಿದ್ದೀನಿ ಅಂತಲೇ ಗೊತ್ತಾಗಲ್ಲ’ ಅಂತ ಬರೆದಿದ್ದೀಯಲ್ಲ, ಆ ಸಾಲು ಬಿಡದೆ ಕಾಡುತ್ತಿದೆ. ಅದೇ ಹೆದರಿಕೆಗೆ ನನ್ನ ಎಷ್ಟೋ ವರ್ಷಗಳು ಹೋದವು. ಇರಲಿ.

ನೀನು ಆರಿಸಿಕೊಂಡದ್ದೂ ಸಲೀಸಾದ ಹಾಡಲ್ಲ. ಜೆರೋಮ್ ಕರ್ನ್ 1939ರಲ್ಲಿ ಮಾಡಿದ ‘ಆಲ್ ದಿ ಥಿಂಗ್ಸ್ ಯು ಆರ್’ಗೆ 36 ಬಾರ್ (ತಾಳದ ಆವರ್ತ). ಕಾರ್ಡುಗಳನ್ನು ಎಣಿಸುತ್ತ ಕೂತರೆ ಹೆದರಿಕೆ ಆಗಲೇಬೇಕು. ಆದರೆ ಅದು ಹೋಗಿ ನಿಲ್ಲುವ ಕೀಗಳು (ಆಧಾರ ಸ್ವರ ಮತ್ತು ಅದರ ಸ್ಕೇಲ್) ಐದೇ: ಎ ಫ್ಲ್ಯಾಟ್, ಸಿ, ಇ ಫ್ಲ್ಯಾಟ್, ಜಿ, ಇ. ಬಿ ಫ್ಲ್ಯಾಟ್ ಮೈನರ್ 7, ಇ ಫ್ಲ್ಯಾಟ್ 7, ಎ ಫ್ಲ್ಯಾಟ್ ಮೇಜರ್ 7 ಸೇರಿ ಒಂದು ಟೂ-ಫೈವ್-ಒನ್, ಅಂದರೆ ಕೀಯ ಎರಡು, ಐದು, ಒಂದನೇ ಸ್ವರಗಳ ಮೇಲೆ ಕಟ್ಟಿದ ಕಾರ್ಡುಗಳ ಸಾಲು. ಮೂರಕ್ಕೂ ಒಂದೇ ಪೆನ್ಸಿಲ್ ಗೆರೆ ಎಳೆ. ಅದರ ಹಿಂದಿನ ಎಫ್ ಮೈನರ್, ಮುಂದಿನ ಡಿ ಫ್ಲ್ಯಾಟ್ ಮೇಜರ್ ಕೂಡ ಅದೇ ಕೀಯವು. ಮೊದಲ ಐದು ಬಾರ್‌ಗಳಿಗೆ ಯೋಚನೆ ಒಂದೇ. ಆರನೆಯದರಲ್ಲಿ ಡಿ ಮೈನರ್, ಜಿ 7 ಬಂದಾಗ ಸಿ ಕೀಗೆ ಹೊರಳಿದರಾಯಿತು.

ಆದರೂ ಹಿಂದೆ ಬೀಳ್ತೀನಿ ಅನ್ನಿಸಿದರೆ ಸ್ಕೇಲ್ ಬಿಟ್ಟುಬಿಡು. ಮೆಟ್ರೊನೋಮ್ 60ಕ್ಕಿಟ್ಟು (ನಿಮಿಷಕ್ಕೆ 60 ಬಡಿತ) ಪ್ರತಿ ಕಾರ್ಡಿನ ಮೂಲ ಸ್ವರದಿಂದ ಎಣಿಸಿ ಮೂರನೇ ಸ್ವರವನ್ನಷ್ಟೇ ಹಿಡಿ. ಮೊದಲ ಐದು ಬಾರ್‌ಗಳಲ್ಲಿ ಅವು: ಎ ಫ್ಲ್ಯಾಟ್, ಡಿ ಫ್ಲ್ಯಾಟ್, ಜಿ, ಸಿ, ಎಫ್. ಹಾಡಿನ ಮಟ್ಟೇ ಬಹುಪಾಲು ಈ ಸ್ವರಗಳ ಮೇಲೆ ನಿಲ್ಲುವುದರಿಂದ ಮನಸ್ಸಿನಲ್ಲೇ ಅದನ್ನು ಗುನುಗುತ್ತಿರು. ಏಳನೇ ಸ್ವರ ಆಮೇಲೆ. ಬಿ ಫ್ಲ್ಯಾಟ್ ಮೈನರಿನ ಏಳನೆಯದಾದ ಎ ಫ್ಲ್ಯಾಟ್ ಅರ್ಧ ಸ್ವರ ಇಳಿದರೆ ಇ ಫ್ಲ್ಯಾಟ್ 7ರ ಮೂರನೆಯದಾದ ಜಿ ಸಿಗುತ್ತೆ. ಬೆರಳು ದೂರ ಹೋಗಬೇಕಾಗಿಲ್ಲ. ಬ್ರಿಜ್ (ಹಾಡಿನ ನಡುವಿನ ಭಾಗ) ಮುಗಿಯುವಾಗ ಇ ಮೇಜರಿನ ಜಿ ಶಾರ್ಪನ್ನು ಹಿಡಿದೇ ಇರು. ಎಫ್ ಮೈನರಿಗೆ ಬಂದಾಗ ಅದೇ ಸ್ವರಕ್ಕೆ ಎ ಫ್ಲ್ಯಾಟ್ ಅಂತ ಹೆಸರು.

ನೀನು ದಾರಿ ತಪ್ಪುವುದು ಬಹುಶಃ ಕೊನೆಯ ಭಾಗದಲ್ಲಿ. ಅದು 8 ಬಾರಲ್ಲ, 12. ಎಂಟಕ್ಕೇ ಮುಗಿಯಿತೆಂದು ಹಾಡಿನ ಮೊದಲಿಗೆ ಮರಳಿದರೆ ಉಳಿದವರಿಗಿಂತ ನಾಲ್ಕು ಬಾರ್ ಮುಂದಿರುತ್ತೀಯ. 29ನೇ ಬಾರಿನಿಂದ ಮೂರನೇ ಸ್ವರಗಳು ಎಫ್, ಇ, ಇ ಫ್ಲ್ಯಾಟ್, ಡಿ, ಡಿ ಫ್ಲ್ಯಾಟ್ ಎಂದು ಬಾರ್‌ಗೊಂದರಂತೆ ಅರ್ಧರ್ಧ ಸ್ವರ ಇಳಿಯುತ್ತವೆ. ಅದನ್ನು ಬಾಯಲ್ಲಿ ಹಾಡಿ ರೂಢಿ ಮಾಡಿಕೋ. ಈ ಹಾಡಿನಲ್ಲಿ ನನಗೆ ಅಚ್ಚುಮೆಚ್ಚಿನ ಜಾಗವೂ ಅದೇ.

ಕಾಗದದಲ್ಲಿ ಹೇಳಿದರೆ ಇದೆಲ್ಲ ಎಷ್ಟು ಹಿಡಿಸುತ್ತೋ ಏನೋ. ನಡುವೆ ತಪ್ಪಿಹೋದರೆ ಅಟ್ಟಿಸಿಕೊಂಡು ಹೋಗಬೇಡ, ಕಾರ್ಡ್ ಹೋದರೆ ಹೋಗಲಿ. ನುಡಿಸುವುದು ನಿಲ್ಲಿಸಿ ಬೇಸ್ ಕೇಳು, ಬ್ರಿಜ್ ಶುರುವಾಗುವ 17ನೇ ಬಾರಿನ ಎ ಮೈನರಿನಲ್ಲಿ ಸೇರಿಕೋ. ಡ್ರಮ್ಸಿನವರು ಸಾಮಾನ್ಯವಾಗಿ ಅದಕ್ಕೆ ಮುಂಚೆ ಒಂದು ಫಿಲ್ (ಹೊಸ ಭಾಗಕ್ಕೆ ಮುನ್ನ ನುಡಿಸುವ ಚಿಕ್ಕ ಅಲಂಕಾರ) ಕೊಡುತ್ತಾರೆ.

ಇಂತಿ,
ನಿನ್ನ ಮಾವ