ಶಿರಾಡಿ ಘಾಟಿಯ ಲಾರಿ ಅಣ್ಣನಿಗೆ

ಗುಂಡ್ಯ ದಾಟಿ ಏರು ಶುರುವಾದಲ್ಲಿ ಎಳೆತವಿಲ್ಲದೆ ನಿಂತಿದ್ದ ನನ್ನ ಪಿಕಪ್ ಹಿಂದೆ ಲಾರಿ ನಿಲ್ಲಿಸಿದ ಅಣ್ಣಾ, ಹೆಸರೂ ಹೇಳದೆ ಹೋದಿರಿ. ತುಂಬಾ ಥ್ಯಾಂಕ್ಸ್.

ಡೀಸೆಲ್ ಪಂಪೇ ಹೋಗಿದೆ, ಬದಲಿಸಬೇಕು ಅಂತ ಗ್ಯಾರೇಜಿನವರು ಫೋನಿನಲ್ಲೇ ತೀರ್ಪು ಕೊಟ್ಟಿದ್ದರು. ನೀವು ಫಿಲ್ಟರ್ ಹತ್ತಿರದ, ಕೈಯಲ್ಲೇ ಡೀಸೆಲ್ ತುಂಬಿಸುವ ಕೈಪಂಪ್ ಒತ್ತಿ ನೋಡಿದಿರಿ. ಎಷ್ಟು ಒತ್ತಿದರೂ ಗಟ್ಟಿಯಾಗಲಿಲ್ಲ. ಟ್ಯಾಂಕಿನಿಂದ ಬರುವ ರಬ್ಬರ್ ಪೈಪ್ ಕ್ಲಿಪ್ಪಿನ ಬಳಿ ಕೂದಲೆಳೆಯಷ್ಟು ಸೀಳಿತ್ತು. ಅಲ್ಲಿ ಡೀಸೆಲ್ ಸೋರಲ್ಲ, ಪಂಪ್ ಎಳೆದಾಗ ಗಾಳಿ ಒಳಗೆ ಹೋಗುತ್ತೆ, ಅದಕ್ಕೇ ಏರಿನಲ್ಲಿ ಎಳೆತ ಇಲ್ಲ ಅಂದಿರಿ. ಸೀಳಿದ ತುದಿ ಕತ್ತರಿಸಿ, ಕ್ಲಿಪ್ ಬಿಗಿದು, ಒಳಗಿನ ಗಾಳಿ ಹೊರಬಿಡುವ ಏರ್ ಸ್ಕ್ರೂ ಸಡಿಲಿಸಿ ನೊರೆ ನಿಲ್ಲುವವರೆಗೆ ಕೈಪಂಪ್ ಒತ್ತಿದಿರಿ. ‘ಈ ಪಂಪಿಗೆ ಡೀಸೆಲೇ ಆಯಿಲ್, ಒಣಗಿಸಿ ಸುಮ್ನೆ ಸೆಲ್ಫ್ ಹೊಡೀಬೇಡ’ ಅಂತ ಗದರಿದ್ದೂ ಒಳ್ಳೆಯದೇ ಆಯಿತು. ಚಹಾ ಕೊಡಿಸ್ತೀನಿ ಅಂದರೂ ನಿಲ್ಲಲಿಲ್ಲ ನೀವು! ಪೈಪ್ ಹೊಸದು ಹಾಕಿಸಿದೆ ಅಣ್ಣಾ, ಪಂಪ್ ಹಳೆಯದೇ ಓಡ್ತಿದೆ.