ಮುಹೂರ್ತ ಯಾವಾಗ ಬಂತು, ಯಾವಾಗ ಹೋಯಿತು?

ಸಂಪಾದಕರಿಗೆ ನಮಸ್ಕಾರ.

ಕಳೆದ ತಿಂಗಳು ನನ್ನ ತಂಗಿಯ ಮಗಳ ಮದುವೆ ರಿಜಿಸ್ಟ್ರಾರ್ ಆಫೀಸಿನಲ್ಲಿ ನಡೆಯಿತು. ಜಾತಿ ಬೇರೆ, ಆದರೆ ಎರಡೂ ಮನೆಯವರ ಒಪ್ಪಿಗೆ ಇತ್ತು. ಛತ್ರದ ಖರ್ಚು ಬೇಡ ಎಂದು ಮಕ್ಕಳೇ ತೀರ್ಮಾನ ಮಾಡಿದ್ದರು. 30 ದಿನದ ನೋಟಿಸ್ ಗೋಡೆಗೆ ಅಂಟಿಸಿದ್ದಾಯಿತು, ಯಾರ ತಕರಾರೂ ಬರಲಿಲ್ಲ. ನಾನು ಸೋದರಮಾವ. ಛತ್ರದಲ್ಲಾಗಿದ್ದರೆ ಹುಡುಗಿಯನ್ನು ಮಂಟಪಕ್ಕೆ ಕರೆದುಕೊಂಡು ಬರುತ್ತಿದ್ದೆ. ಇಲ್ಲಿ ಮೂರು ಸಾಕ್ಷಿಗಳಲ್ಲಿ ಒಬ್ಬನಾದೆ.

ಅಧಿಕಾರಿ ಒಂದು ಇಂಗ್ಲಿಷ್ ಹಾಳೆ ಮುಂದೆ ತಳ್ಳಿ, "ಇದನ್ನ ಓದಿ" ಎಂದರು. ಹುಡುಗ ಮೇಜಿನ ಕಡೆ ನೋಡಿಕೊಂಡೇ ಏನೋ ಗೊಣಗಿದ. ಹುಡುಗಿಯೂ ಅಷ್ಟೇ. ಪಕ್ಕದಲ್ಲಿ ಸೈಟು ನೋಂದಣಿಗೆ ಬಂದವರೊಬ್ಬರು ಹೆಬ್ಬೆಟ್ಟು ಒತ್ತುತ್ತಿದ್ದರು. ನಾವೆಲ್ಲ ತೋರಿಸಿದ ಕಡೆ ಸಹಿ ಹಾಕಿದೆವು. ತಂಗಿ ಕರ್ಚೀಫಿನಲ್ಲಿ ಅಕ್ಷತೆ ಕಟ್ಟಿಕೊಂಡು ಬಂದಿದ್ದಳು. ಗಂಟು ಬಿಚ್ಚುತ್ತಾ ನನ್ನ ಕಿವಿಯಲ್ಲಿ ಕೇಳಿದಳು: "ಅಣ್ಣಾ, ಈಗ ಹಾಕ್ಲಾ? ಮುಹೂರ್ತ ಯಾವಾಗ?"

"ಆಗಿ ಹೋಯ್ತಮ್ಮ" ಎಂದೆ.

"ಇಲ್ಲಿ ಅಕ್ಕಿ ಚೆಲ್ಲಬೇಡಿ, ಇಲಿ ಬರ್ತವೆ" ಎಂದು ಗುಮಾಸ್ತರು ಬೇರೆ ಹೇಳಿದರು. ಅಲ್ಲಿನ ಫೈಲುಗಳನ್ನು ನೋಡಿದರೆ ಇಲಿಗಳು ಆಗಲೇ ಬಂದು ಹೋದ ಹಾಗಿತ್ತು, ಇರಲಿ. ತಂಗಿ ಆಚೆ ಬಂದು, ಸ್ಕೂಟರುಗಳ ಮಧ್ಯೆ ನಿಂತು ಮಕ್ಕಳ ತಲೆ ಮೇಲೆ ಅಕ್ಷತೆ ಹಾಕಿದಳು.

31 ವರ್ಷ ಟೈಪಿಂಗ್ ಹೇಳಿಕೊಟ್ಟವನು ನಾನು. ಅರ್ಜಿ, ಅಫಿಡವಿಟ್ಟು ಎಷ್ಟು ಹೊಡೆದಿದ್ದೇನೋ ಲೆಕ್ಕವಿಲ್ಲ. ಅದಕ್ಕೇ ಮನೆಗೆ ಬಂದು 1954ರ ವಿಶೇಷ ವಿವಾಹ ಕಾಯ್ದೆ ತೆಗೆದು ಕೂತೆ. 12ನೇ ಕಲಂ ಓದಿ ಆಶ್ಚರ್ಯವಾಯಿತು. ಮದುವೆಯನ್ನು ಯಾವ ರೀತಿಯಲ್ಲಿ ಬೇಕಾದರೂ ಮಾಡಿಕೊಳ್ಳಿ ಎನ್ನುತ್ತದೆ ಅದು. ಹಾರವೋ, ತಾಳಿಯೋ, ಏನೂ ಇಲ್ಲದೆಯೋ, ನಿಮ್ಮಿಷ್ಟ. ಆದರೆ ಅಧಿಕಾರಿ ಮತ್ತು ಮೂವರು ಸಾಕ್ಷಿಗಳ ಎದುರು ಗಂಡು ಹೆಣ್ಣಿಗೆ, ಹೆಣ್ಣು ಗಂಡಿಗೆ ಒಂದು ಮಾತು ಹೇಳಲೇಬೇಕು, ನಿನ್ನನ್ನು ಕಾನೂನು ಪ್ರಕಾರ ಹೆಂಡತಿಯಾಗಿ ಅಥವಾ ಗಂಡನಾಗಿ ಒಪ್ಪುತ್ತೇನೆ ಎಂದು. ಅದನ್ನು ಹೇಳದಿದ್ದರೆ ಮದುವೆ ಪೂರ್ತಿಯಾಗುವುದಿಲ್ಲ. ಇಬ್ಬರಿಗೂ ಅರ್ಥವಾಗುವ ಯಾವ ಭಾಷೆಯಲ್ಲಾದರೂ ಹೇಳಬಹುದು ಎಂದೂ ಅಲ್ಲೇ ಬರೆದಿದೆ. ಅಂದರೆ ಧಾರೆ, ಮಾಂಗಲ್ಯ, ಸಪ್ತಪದಿ ಎಲ್ಲ ಸೇರಿ ಆ ಒಂದೇ ಸಾಲು. ಮುಹೂರ್ತ ಅಂದರೆ ಅದೇ. ನಮ್ಮ ಹುಡುಗ ಗೊಣಗಿದ್ದೂ ಅದನ್ನೇ!

ಕನ್ನಡದಲ್ಲಿ ಆ ಸಾಲು ಹೇಗಿರಬೇಕು? "ನ್ಯಾಯಸಮ್ಮತ ಧರ್ಮಪತ್ನಿಯನ್ನಾಗಿ ಅಂಗೀಕರಿಸುತ್ತೇನೆ" ಎಂದರೆ ಮಂತ್ರಿಗಳು ಪ್ರಮಾಣವಚನ ತಗೊಂಡ ಹಾಗಿರುತ್ತದೆ. ಮದುವೆಗೆ ನಮ್ಮಲ್ಲಿ ಒಳ್ಳೆಯ ಮಾತೇ ಇದೆಯಲ್ಲ, ಕೈ ಹಿಡಿಯುವುದು. ನಾನು ಬರೆದಿದ್ದು ಇಷ್ಟು: "ಇಂಥ ಹೆಸರಿನ ನಾನು, ಇಂಥ ಹೆಸರಿನ ನಿನ್ನನ್ನು, ಕಾನೂನು ಪ್ರಕಾರ ನನ್ನ ಹೆಂಡತಿಯಾಗಿ ಒಪ್ಪಿ ಕೈ ಹಿಡಿಯುತ್ತಿದ್ದೇನೆ." ಅವಳ ಸರದಿ ಬಂದಾಗ "ಗಂಡನಾಗಿ". ಅಷ್ಟೇ ಬದಲಾವಣೆ.

ಅವಳು "ನಿಮ್ಮನ್ನು" ಎನ್ನಬೇಕು ಎಂದು ನಮ್ಮ ಮನೆಯವಳ ವಾದ. ನನಗೆ ಒಪ್ಪಿಗೆಯಿಲ್ಲ. ಅವನು ನಿನ್ನನ್ನು ಎಂದರೆ ಅವಳೂ ನಿನ್ನನ್ನು ಎನ್ನಲಿ. ಇಲ್ಲವೇ ಇಬ್ಬರೂ ನಿಮ್ಮನ್ನು ಎನ್ನಲಿ. ಒಂದೇ ಸಾಲನ್ನು ಇಬ್ಬರ ಬಾಯಲ್ಲೂ ಇಟ್ಟಿರುವ ಕಾಯ್ದೆ ಅದು, ನಾವ್ಯಾಕೆ ಅದರಲ್ಲಿ ಮೇಲು ಕೆಳಗು ಮಾಡಬೇಕು? ಈ ಜಗಳ ನಮ್ಮ ಮನೆಯಲ್ಲಿ ಇನ್ನೂ ಮುಗಿದಿಲ್ಲ.

ಇದೇನು ಹೊಸ ವಿಚಾರವಲ್ಲ. ಮದುವೆಯ ಮಾತು ಗಂಡು ಹೆಣ್ಣಿಗೂ ಎದುರು ಕೂತವರಿಗೂ ತಿಳಿಯಲಿ ಎಂದು ಕುವೆಂಪು ಅವರು ಮಂತ್ರಮಾಂಗಲ್ಯ ಮಾಡಿಕೊಟ್ಟು ದಶಕಗಳೇ ಆದವು. ಛತ್ರದಲ್ಲಿ ಪುರೋಹಿತರು "ನಾತಿಚರಾಮಿ" ಹೇಳಿಸುವಾಗ ಓಲಗದ ಸದ್ದಿನಲ್ಲಿ ಯಾರಿಗೂ ಏನೂ ಕೇಳಿಸುವುದಿಲ್ಲ, ನಿಜ. ಆದರೆ ಗಟ್ಟಿಮೇಳ ಅಂದ ತಕ್ಷಣ ಊಟದ ಮನೆಯಲ್ಲಿದ್ದವರಿಗೂ ಗೊತ್ತಾಗುತ್ತದೆ, ಮದುವೆ ಆಯ್ತು ಅಂತ. ರಿಜಿಸ್ಟ್ರಾರ್ ಆಫೀಸಿನಲ್ಲಿ ಅದೂ ಇಲ್ಲ.

ನೋಂದಣಿ ಇಲಾಖೆಯವರಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಆ ಸಾಲನ್ನು ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ಅಚ್ಚು ಹಾಕಿಸಿ ಪ್ರತಿ ಕಚೇರಿಯಲ್ಲೂ ಇಡಿಸಿ. ಗಂಡು ಹೆಣ್ಣು ಎದ್ದು ನಿಂತು, ಮುಖ ನೋಡಿಕೊಂಡು ಗಟ್ಟಿಯಾಗಿ ಹೇಳಲಿ. ಒಂದು ನಿಮಿಷ ಜಾಸ್ತಿ ಆಗಬಹುದು, ಅಷ್ಟರಲ್ಲಿ ಯಾರ ಸೈಟೂ ಓಡಿಹೋಗುವುದಿಲ್ಲ.

ಮುಂದಿನ ತಿಂಗಳು ನನ್ನ ಮಗನ ಮದುವೆ, ಅದೂ ರಿಜಿಸ್ಟ್ರಾರ್ ಆಫೀಸಿನಲ್ಲೇ. ನೋಟಿಸ್ ಕೊಟ್ಟಾಗಿದೆ. ಆ ಸಾಲಿನ ಕಾರ್ಡು ನಾನೇ ಟೈಪ್ ಮಾಡಿ ಲ್ಯಾಮಿನೇಷನ್ ಮಾಡಿಸಿಟ್ಟಿದ್ದೇನೆ. ಬೇಡ ಎಂದರೆ ತೋರಿಸಲು 12ನೇ ಕಲಂನ ಜೆರಾಕ್ಸೂ ಜೇಬಿನಲ್ಲಿರುತ್ತದೆ.

– ನಿವೃತ್ತ ಟೈಪಿಂಗ್ ಮೇಷ್ಟ್ರು, ಅರಸೀಕೆರೆ